ಅತ್ತೆಯ ನೆಪ್ಪು, ನನ್ನ ಕಂಪ್ಯೂಟರಿನ ಮರೆವು

ನನ್ನ ಸೋದರತ್ತೆಗೆ ಮರೆವು ಎನ್ನುವುದೇ ಇಲ್ಲ. ಅದರಿಂದ ಕಷ್ಟ ಅವರಿಗಲ್ಲ, ನನಗೆ! ಮಧುಗಿರಿ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಟೈಪಿಂಗ್ ಅಂಗಡಿ. ಮಾವನಿಗೆ ಮಧ್ಯಾಹ್ನದ ಗಂಜಿ ಕುಡಿಸಿ, ಅತ್ತೆ ದಿನಾ ಬಂದು ಮೂಲೆಯ ಕಂಪ್ಯೂಟರ್ ಮುಂದೆ ಕೂರುತ್ತಾರೆ. ಒಂದೇ ಬೆರಳಿನಲ್ಲಿ, ಕೋಳಿ ಕಾಳು ಹೆಕ್ಕಿದ ಹಾಗೆ ಕುಟ್ಟುತ್ತಾರೆ.

ಮಾವ ಪೌರಾಣಿಕ ನಾಟಕದ ಮೇಷ್ಟ್ರು. ಸಿರಾ, ಕೊರಟಗೆರೆ, ಪಾವಗಡದ ಹಳ್ಳಿಗಳಿಗೆಲ್ಲ ಹಾರ್ಮೋನಿಯಂ ಹೊತ್ತು ಹೋಗಿ ಅರ್ಜುನ, ದುರ್ಯೋಧನರನ್ನು ತಯಾರು ಮಾಡಿದವರು. ಹಾಡು ತಾವೇ ಕಟ್ಟುತ್ತಿದ್ದರು, ಒಂದನ್ನೂ ಬರೆದಿಡಲಿಲ್ಲ. ಹೋದ ವರ್ಷ ಲಕ್ವ ಹೊಡೆದು ಮಾತು ಬಿದ್ದುಹೋಯಿತು. ಈಗ ಆ ಹಾಡುಗಳು ಇರುವುದು ಅತ್ತೆಯ ತಲೆಯಲ್ಲಿ ಮಾತ್ರ.

ಮೊದಲ ದಿನ ಎರಡು ಹಾಡು ಮುಗಿಸಿದರು. "ಸೇವ್ ಮಾಡಿದ್ರಾ ಅತ್ತೆ?" ಎಂದೆ.

"ಥೂ! ಹೆಂಗಸ್ರುನ್ನ ಕೇಳೋ ಮಾತೇನ್ಲಾ ಇದು?"

ನಮ್ಮ ಕಡೆ ಗಡ್ಡ ಬೋಳಿಸುವುದಕ್ಕೂ ಸೇವ್ ಅಂತಲೇ ಅನ್ನುತ್ತಾರೆ, ಯಾರನ್ನು ದೂರಲಿ? ಬಿಡಿಸಿ ಹೇಳುವಷ್ಟರಲ್ಲಿ ಕರೆಂಟ್ ಹೋಯಿತು. ಎರಡೂ ಹಾಡು ಮಾಯ! ನನ್ನದು ಓಬೀರಾಯನ ಕಾಲದ ಮಷಿನ್ನು, ತಾನಾಗಿ ಏನನ್ನೂ ಉಳಿಸುವುದಿಲ್ಲ.

"ಇದಕ್ಕೆ ಎರಡು ನೆನಪು ಅತ್ತೆ. ನೀವು ಕುಟ್ಟಿದ್ದು ಮೊದಲು ರ‍್ಯಾಮ್‌ಗೆ ಹೋಗುತ್ತೆ. ಕರೆಂಟ್ ಹೋದ್ರೆ ಅದು ಖಾಲಿ. ಸೇವ್ ಮಾಡಿದ್ರೆ ಡಿಸ್ಕ್‌ಗೆ ಹೋಗುತ್ತೆ. ಆಮೇಲೆ ಕರೆಂಟ್ ಇರಲಿ ಬಿಡಲಿ, ಅಲ್ಲೇ ಇರುತ್ತೆ."

"ಕರೆಂಟ್ ಹೋದ್ರೆ ಮರೆಯೋ ಮುಂಡೇದನ್ನ ದುಡ್ಡು ಕೊಟ್ಟು ತಂದ್ಯಾ? ನಂಗೆ ಕತ್ಲಲ್ಲೂ ನೆಪ್ಪೈತೆ ಬುಡು!" ಎಂದು, ಕರೆಂಟ್ ಬಂದೊಡನೆ ಮತ್ತೆ ಶುರುಮಾಡಿದರು.

ಸರಿ, ಸೇವ್ ಒತ್ತಿಸಿದೆ. ಅದು ಹೆಸರು ಕೇಳಿತು. ಅಲ್ಲಿಗೆ ಕೆಟ್ಟಿತು!

"ಮಾವನ ಹೆಸರು ಹಾಕಿ."

"ಗಂಡನ್ ಹೆಸ್ರು ಹೇಳುದ್ರೆ ಆಯಸ್ಸು ಕಮ್ಮಿ ಆಯ್ತದೆ. ಆಗಲ್ಲ."

"ಬೇರೆ ಏನಾದ್ರೂ ಹಾಕಿ."

"ಅವ್ರು ಕಟ್ಟಿದ್ ಪದಕ್ಕೆ ಇನ್ನೊಬ್ರ ಹೆಸ್ರಾ?"

ಅವರು ಹೋದ ಮೇಲೆ ನಾನೇ ಕದ್ದು ಉಳಿಸೋಣವೆಂದರೆ, ಹೊರಡುವಾಗ ಗೋಡೆಯ ಸ್ವಿಚ್ಚನ್ನು ಆರಿಸಿಯೇ ಹೋಗುತ್ತಾರೆ. ಸುಮ್ಮನೆ ಕರೆಂಟ್ ಉರಿಯಬಾರದಲ್ಲ! ಮರುದಿನ ಮತ್ತೆ ಮೊದಲ ಹಾಡಿನಿಂದ. ಹೀಗೆ ಎರಡು ತಿಂಗಳು. ನನಗೆ ಹೇಳಿ ಹೇಳಿ ಸಾಕಾಯಿತು. ದುರ್ಯೋಧನನ ಹಾಡೆಲ್ಲ ನನಗೇ ಅರ್ಧ ಬಾಯಿಪಾಠ ಬಂತು.

ಮೊನ್ನೆ ಕುಟ್ಟುತ್ತಿದ್ದ ಸದ್ದು ನಿಂತಿತು. ತಿರುಗಿ ನೋಡಿದರೆ ಅತ್ತೆಯ ಬೆರಳು ಗಾಳಿಯಲ್ಲಿದೆ, ಮುಖ ಬಿಳಿಚಿದೆ.

"ಮುಂದ್ಲು ಸಾಲು ಬರ್ತಿಲ್ಲ ಕಣ್ಲಾ," ಎಂದರು. "ಯಾರುನ್ನ ಕೇಳ್ಲಿ?"

ಇಷ್ಟು ದಿನ ಬೈದುಕೊಂಡದ್ದಕ್ಕೆ ನಾಚಿಕೆಯಾಯಿತು. ಅತ್ತೆ ಕಂಪ್ಯೂಟರಿನ ಕಡೆ ಬೆರಳು ತೋರಿಸಿ, "ಆ ಹೆಸ್ರು ಕೇಳ್ತದಲ್ಲ, ಅದನ್ನ ತೆಗಿ. ನೀನು ಆ ಕಡೀಕೆ ತಿರುಕ್ಕೊ," ಎಂದರು. ತಿರುಗಿ ನಿಂತೆ. ಒಂದೊಂದೇ ಅಕ್ಷರ ಕುಟ್ಟುವುದು ಕೇಳಿಸಿತು.

"ಇನ್ನ ಕರೆಂಟ್ ಹೋದ್ರೂ ಇರ್ತಾರಲ್ವೇನ್ಲಾ?"

'ಇರ್ತಾವೆ' ಎಂದು ತಿದ್ದಲು ನನಗೆ ಬಾಯಿ ಬರಲಿಲ್ಲ.

"ಇರ್ತಾರೆ ಅತ್ತೆ," ಎಂದೆ.