ರಜೆ ಕೊಟ್ಟು ಸತಾಯಿಸಿದ ಧಣಿ

೧೯೯೭ನೇ ಇಸವಿ ಜೂನ್ ಎರಡು, ಸೋಮವಾರ, ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ನಾನು ಬಂಟ್ವಾಳ ಪೇಟೆಯ ಪಾತ್ರೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದು ಆಗ. ಒಂಬತ್ತು ಹನ್ನೆರಡಕ್ಕೆ ಧಣಿಗಳು ನನ್ನನ್ನು ಕೇಳಿದ ಮೊದಲ ಪ್ರಶ್ನೆ: "ನಿಮಗೆ ರಜೆ ಯಾವಾಗ ಬೇಕು?"

ಕೆಲಸದವರಿಗೆ ರಜೆ ಕೊಡದೆ ಸತಾಯಿಸುವ ಧಣಿಗಳು ನಮ್ಮ ಕಡೆ ಬೇಕಾದಷ್ಟು ಮಂದಿ. ರಜೆ ಕೊಟ್ಟು ಸತಾಯಿಸಿದವರು, ನನಗೆ ತಿಳಿದ ಮಟ್ಟಿಗೆ, ಇವರೊಬ್ಬರೇ! ಹೆಸರು ಹೇಳುವುದಿಲ್ಲ. ಹೇಳಿದರೆ ಈಗಲೂ ಫೋನ್ ಮಾಡಿ, ಇದನ್ನು ಬರೆದದ್ದು ಕೆಲಸದ ಹೊತ್ತಿನಲ್ಲೋ ರಜೆಯಲ್ಲೋ ಎಂದು ವಿಚಾರಿಸಿಯಾರು.

ಅವರು ಹದಿನಾಲ್ಕು ವರ್ಷ ಗಲ್ಫಿನ ಅಂಗಡಿಗಳ ಗೋದಾಮುಗಳಲ್ಲಿ ದುಡಿದು ಊರಿಗೆ ಮರಳಿದವರು. ಗಲ್ಫಿನಿಂದ ಬಂದವರು ಅತ್ತರು ತರುತ್ತಾರೆ, ಕಂಬಳಿ ತರುತ್ತಾರೆ, ಟಾರ್ಚು ತರುತ್ತಾರೆ. ಇವರು ತಂದದ್ದು ಒಂದು ಕಾನೂನು. ವರ್ಷಕ್ಕೆ ಮೂವತ್ತು ದಿನ ರಜೆ, ಪೂರ್ತಿ ಸಂಬಳ, ಮೂವತ್ತೂ ದಿನ ಒಟ್ಟಿಗೇ ತೆಗೆದುಕೊಳ್ಳಬೇಕು. ಬೇಡ ಎನ್ನುವ ಹಾಗಿಲ್ಲ. ಇದನ್ನು ಟೈಪು ಮಾಡಿಸಿ, ಕನ್ನಡಕದಷ್ಟು ದೊಡ್ಡ ಮೊಹರು ಒತ್ತಿ ಎಲ್ಲರಿಗೂ ಕೊಟ್ಟಿದ್ದರು. ಪೇಟೆಯ ಮಿಕ್ಕ ಅಂಗಡಿಗಳಲ್ಲಿ ರಜೆ ಎಂದರೆ ಹಬ್ಬ, ಜ್ವರ, ಇಲ್ಲವೇ ಸಾವು. ನಾನು ಬಿಲ್ಲು ಬರೆಯಲು ಸೇರಿದವಳು. ನನ್ನ ದಿನಚರಿಯ ಚಟ ತಿಳಿದು ರಜೆಯ ಪುಸ್ತಕವನ್ನೂ ನನಗೇ ಒಪ್ಪಿಸಿದರು. ಮುಂದಿನ ಅಂಕಿಗಳೆಲ್ಲ ಅದರಿಂದಲೇ.

ಆಗ ಅಂಗಡಿಯಲ್ಲಿ ನನ್ನನ್ನು ಬಿಟ್ಟರೆ ಇಬ್ಬರು. ಪಾತ್ರೆ ತೋರಿಸಿ ಮಾರುವವನು ಪುತ್ತಿಗೆಯ ಉಮೇಶ. ಕೊಂಡ ಪಾತ್ರೆಗೆ ಹೆಸರು ಕೆತ್ತುವವರು ಪೊಳಲಿಯ ಶೀನಣ್ಣ. ಬಾಗಿಲ ಬದಿಯ ಸಣ್ಣ ಮೇಜು, ಅದರ ಮೇಲೆ ಕಿರ್ರೆನ್ನುವ ಕೆತ್ತನೆಯ ಯಂತ್ರ, ಅದರ ಹಿಂದೆ ಬಗ್ಗಿದ ನರೆತ ತಲೆ. ಸುತ್ತಲಿನ ಎಷ್ಟೋ ಮದುವೆಗಳ ವಧೂವರರ ಹೆಸರು ಲಗ್ನಪತ್ರಿಕೆಗಿಂತ ಮೊದಲು ಶೀನಣ್ಣನಿಗೆ ಗೊತ್ತಾಗುತ್ತಿತ್ತು.

ಮೊದಲು ರಜೆಗೆ ಬಲಿಯಾದವನು ಉಮೇಶ. ಅವನು ಮನೆಗೆ ಹೋದ ಮೂರನೆಯ ದಿನ ಬೆಳಿಗ್ಗೆ ಅವನ ತಾಯಿ ಎರಡು ಬಸ್ಸು ಬದಲಿಸಿ, ಒಂದು ಚಿಪ್ಪು ಬಾಳೆಹಣ್ಣು ಹಿಡಿದುಕೊಂಡು ಅಂಗಡಿಯ ಮೆಟ್ಟಿಲು ಹತ್ತಿದರು. ಮಗನಿಂದ ಏನು ತಪ್ಪಾಗಿದ್ದರೂ ಹೊಟ್ಟೆಗೆ ಹಾಕಿಕೊಳ್ಳಬೇಕು ಎಂದು ಕೇಳಿಕೊಂಡರು. ಧಣಿಗಳು ಅವರನ್ನು ಕೂರಿಸಿ, ನೀರು ಕೊಟ್ಟು, ತಪ್ಪೇನೂ ಇಲ್ಲವೆಂದರು.

"ಸಂಬಳ ಉಂಟಾ?"

"ಉಂಟು."

"ಕೆಲಸ?"

"ಇಲ್ಲ. ಮನೆಯಲ್ಲಿ ಸುಮ್ಮನೆ ಕೂತರೆ ಸಾಕು."

ತಾಯಿ ನೀರಿನ ಲೋಟ ಕೆಳಗಿಟ್ಟರು. "ಹಾಗಾದರೆ ಅವನಿಗೆ ಏನು ಕಾಯಿಲೆ ಅಂತ ನೀವಾದರೂ ಹೇಳಿ ಧಣಿ. ನಮ್ಮ ಹತ್ತಿರ ಮುಚ್ಚಿಡ್ತಾ ಇದ್ದಾನೆ."

ಅಂದು ಮಧ್ಯಾಹ್ನ ಬಾಳೆಹಣ್ಣು ತಿನ್ನುತ್ತಾ ಶೀನಣ್ಣ ನನಗೆ ಹೇಳಿದ ಮಾತನ್ನು ಆ ದಿನದ ಪುಟದಲ್ಲಿ ಬರೆದಿಟ್ಟಿದ್ದೇನೆ: "ಹುಡುಗನಿಗೆ ಪರವಾಗಿಲ್ಲ, ಪ್ರಾಯ ಉಂಟು. ನಾನು ಮೂವತ್ತು ದಿನ ಇಲ್ಲದೆ ಅಂಗಡಿ ನಡೆದರೆ, ಮೂವತ್ತೊಂದನೇ ದಿನ ನಾನು ಯಾಕೆ?"

ಈ ಭಯದಿಂದ ಶೀನಣ್ಣ ಪ್ರತಿವರ್ಷ ಒಂದು ಅರ್ಜಿ ಕೊಡುತ್ತಿದ್ದರು. ಲೋಕದಲ್ಲಿ ಎಲ್ಲರೂ ರಜೆಗೆ ಅರ್ಜಿ ಹಾಕಿದರೆ ಇವರದು ರಜೆ ಬೇಡವೆಂಬ ಅರ್ಜಿ! ಬರೆದುಕೊಡುತ್ತಿದ್ದವಳು ನಾನೇ. ಕಾರಣಗಳು ಕ್ರಮವಾಗಿ: ಮನೆಯ ಮಾಡು ಸೋರುತ್ತದೆ, ಮನೆಯಲ್ಲಿ ನೆಂಟರು ಹೆಚ್ಚು, ಮನೆಯಲ್ಲಿ ನೆಂಟರೇ ಇಲ್ಲದೆ ಬೇಸರ, ಹೆಂಡತಿಗೆ ಒಪ್ಪಿಗೆಯಿಲ್ಲ, ವೈದ್ಯರು ವಿಶ್ರಾಂತಿ ಬೇಡವೆಂದಿದ್ದಾರೆ. ಧಣಿಗಳು ಪ್ರತಿ ಅರ್ಜಿಯನ್ನೂ ಎರಡು ಸಲ ಓದಿ, "ಈ ವರ್ಷಕ್ಕೆ ಮಾತ್ರ" ಎಂದು ಬರೆದು ಸಹಿ ಹಾಕುತ್ತಿದ್ದರು. ಹೀಗೆ ಐದು ವರ್ಷ.

ಅಷ್ಟರಲ್ಲಿ ಬೆಳ್ತಂಗಡಿ, ಮೂಡಬಿದ್ರೆಗಳಲ್ಲೂ ಅಂಗಡಿಗಳಾದವು, ಜನ ಹೆಚ್ಚಿದರು, ರಜೆಯ ಕಾಟವೂ ಹೆಚ್ಚಿತು. ಬೇರೆ ಧಣಿಗಳು ಹೇಳದೆ ಬಂದು ಯಾರು ಇಲ್ಲ ಎಂದು ನೋಡುತ್ತಾರೆ. ನಮ್ಮವರು ಹೇಳದೆ ಬಂದು ಯಾರು ಇದ್ದಾರೆ ಎಂದು ನೋಡುತ್ತಿದ್ದರು! ಉಮೇಶ ಎರಡನೆಯ ವರ್ಷದ ರಜೆಯಲ್ಲಿ ಮನೆಯಲ್ಲಿ ಕೂರಲಾರದೆ, ಹತ್ತಿರದ ಮೂಡಬಿದ್ರೆ ಅಂಗಡಿಗೆ ಬಂದು ತಪಲೆ ಒರೆಸುತ್ತಿದ್ದ. ಧಣಿಗಳ ವ್ಯಾನಿನ ಸದ್ದು ಕೇಳಿ ಒಂದು ದೊಡ್ಡ ತಾಮ್ರದ ಹಂಡೆಯ ಹಿಂದೆ ಕುಳಿತ. ಅವನ ಹಿಂದಿದ್ದ ಸ್ಟೀಲಿನ ಬೀರುವನ್ನು ಒರೆಸಿದವನೂ ಅವನೇ ಆದ್ದರಿಂದ ಅದು ಕನ್ನಡಿಯಂತಿತ್ತು. ಅದರಲ್ಲಿ ಅವನ ಬೆನ್ನು, ಬೀರುವಿನ ಎದುರು ಧಣಿಗಳು. ಶಿಕ್ಷೆ? ಇನ್ನೂ ಎರಡು ದಿನ ರಜೆ. ನನ್ನ ಪುಸ್ತಕದಲ್ಲಿ "ರಜೆಯಲ್ಲಿ ಕೆಲಸ ಮಾಡಿ ಸಿಕ್ಕಿಬಿದ್ದದ್ದು" ಎಂಬ ಕಲಮಿನಡಿ ಒಟ್ಟು ಏಳು ಗೀಟುಗಳಿವೆ. ನಾಲ್ಕು ಉಮೇಶನವು.

ನನ್ನದೇನು ಕಡಿಮೆಯೇ? ಲಾಯಿಲದ ಮನೆಯಲ್ಲಿ ಮೊದಲ ರಜೆಯ ಒಂಬತ್ತನೆಯ ದಿನ ಅಮ್ಮ ಮೆಲ್ಲಗೆ ಹೇಳಿದರು: "ಒಂದು ಫೋನ್ ಮಾಡಿ ನೋಡು. ಅಂಗಡಿ ಬಾಗಿಲು ತೆರೀತಾ ಇದ್ದಾರಾ ಅಂತ." ಆದರೆ ಮೂರನೆಯ ರಜೆಗೆ ನಾನು ಎರಡು ತಿಂಗಳು ಮೊದಲೇ ದಿನ ಎಣಿಸತೊಡಗಿದ್ದೆ. ಪಕ್ಕದ ಬಟ್ಟೆ ಅಂಗಡಿಯ ಹುಡುಗಿಯರೂ ಎಣಿಸತೊಡಗಿದ್ದರು, ಅವರಿಗೆ ಇಲ್ಲದ ರಜೆಯನ್ನು! ಅವರ ಧಣಿ ಒಂದು ದಿನ ನಮ್ಮಲ್ಲಿಗೆ ಬಂದು ಜಗಳಕ್ಕೇ ನಿಂತರು. ನಮ್ಮವರಿಂದಾಗಿ ಅವರ ಕೆಲಸದವರು ಭಾನುವಾರ ಬೇಕು, ಕೂರಲು ಸ್ಟೂಲು ಬೇಕು ಎಂದು ಕೇಳುತ್ತಿದ್ದಾರಂತೆ. ನಮ್ಮ ಧಣಿಗಳು ಸಮಾಧಾನವಾಗಿ, ಸ್ಟೂಲು ಎಷ್ಟು ಬೇಕು, ನಮ್ಮಲ್ಲಿ ಹೆಚ್ಚುವರಿ ಉಂಟು ಎಂದರು.

೨೦೦೩ರಲ್ಲಿ ಶೀನಣ್ಣನ ಆರನೆಯ ಅರ್ಜಿ ತಿರಸ್ಕೃತವಾಯಿತು. ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಾಳೆಂಬುದು ಧಣಿಗಳ ಕಿವಿಗೆ ಬಿದ್ದಿತ್ತು. ಏಪ್ರಿಲ್ ಒಂದರಿಂದ ಮೂವತ್ತರ ತನಕ, ಅದೂ ಮದುವೆಗಳ ಕಾಲದಲ್ಲಿ! ಶೀನಣ್ಣ ಬಿಳಿಚಿಹೋದರು. ಆ ಹೊತ್ತಿಗೆ ಕಂಪ್ಯೂಟರಿನಲ್ಲಿ ಹೆಸರು ಕೆತ್ತುವ ಯಂತ್ರ ಮಂಗಳೂರಿಗೆ ಬಂದಿತ್ತು. ಅದನ್ನು ಮಾರುವವನೊಬ್ಬ ನಮ್ಮ ಅಂಗಡಿಗೂ ಬಂದು, ಎರಡು ದಿನದಲ್ಲಿ ಯಾರು ಬೇಕಾದರೂ ಕಲಿಯಬಹುದು ಎಂದು ಶೀನಣ್ಣನ ಎದುರೇ ಹೇಳಿಹೋಗಿದ್ದ. ಶೀನಣ್ಣ ರಜೆಗೆ ಹೊರಡುವಾಗ ತಮ್ಮ ಯಂತ್ರಕ್ಕೆ ಬಟ್ಟೆ ಮುಚ್ಚಿದರು. ಮತ್ತೆ ಬಂದು ಬಟ್ಟೆ ಸರಿಮಾಡಿದರು. ಮತ್ತೂ ಒಮ್ಮೆ ಬಂದರು. ನನ್ನ ಲೆಕ್ಕದಲ್ಲಿ ನಾಲ್ಕು ಸಲ.

ಹೆಸರು ಕೆತ್ತಲು ಉಮೇಶನಿಗೂ ಬರುತ್ತಿತ್ತು. ಎರಡನೆಯ ದಿನ ಅವನು ಉತ್ಸಾಹದಿಂದ ಆ ಮೇಜಿಗೆ ಹೋದರೆ, ಯಂತ್ರದ ವಯರೇ ಇಲ್ಲ. ಧಣಿಗಳು ಅದನ್ನು ಸುತ್ತಿ ಜುಬ್ಬಾದ ಜೇಬಿನಲ್ಲಿ ಇಟ್ಟುಕೊಂಡಿದ್ದರು. ಬಂದವರಿಗೆಲ್ಲ ಒಂದೇ ಉತ್ತರ: ನಮ್ಮ ಶೀನಪ್ಪ ರಜೆಯಲ್ಲಿದ್ದಾನೆ, ಹೆಸರು ಚೀಟಿಯಲ್ಲಿ ಬರೆದು ಪಾತ್ರೆ ಬಿಟ್ಟುಹೋಗಿ, ಬಂದ ಮೇಲೆ ಮಾಡುತ್ತಾನೆ. ಜನ ನಕ್ಕರು, ಬೈದರು, ಕೆಲವರು ಎದುರಿನ ಅಂಗಡಿಗೆ ನಡೆದರು. ನಾವೂ ಒಳಗೊಳಗೇ ನಗುತ್ತಿದ್ದೆವು, ಸುಳ್ಳು ಹೇಳಬಾರದು.

ಏಪ್ರಿಲ್ ಹದಿನೇಳರಂದು ಮಗಳ ಮದುವೆಗೆ ಪಾತ್ರೆ ಕೊಂಡ ಯಜಮಾನರೊಬ್ಬರು ಬಿಡಲಿಲ್ಲ. "ನಿಮ್ಮ ಈ ಹುಡುಗನಿಗೂ ಬರ್ತದಂತಲ್ಲ?"

"ಬರ್ತದೆ. ಜಾಗ ಖಾಲಿ ಇಲ್ಲ."

"ಖಾಲಿ ಉಂಟಲ್ಲ ಮಾರಾಯ್ರೆ, ಕಾಣ್ತಾ ಉಂಟು."

"ಅದು ಖಾಲಿ ಅಲ್ಲ. ಅವ ರಜೆಯಲ್ಲಿ ಇದ್ದಾನೆ." ಧಣಿಗಳು ಮುಚ್ಚಳಗಳನ್ನು ಒಂದರೊಳಗೊಂದು ಜೋಡಿಸುತ್ತಿದ್ದರು. "ನಾನು ಗಲ್ಫಿನಿಂದ ಒಮ್ಮೆ ತಾಯಿಯನ್ನು ನೋಡಲಿಕ್ಕೆ ನಲವತ್ತು ದಿನ ಬಂದಿದ್ದೆ. ವಾಪಸು ಹೋದಾಗ ಗೋದಾಮಿನಲ್ಲಿ ನನ್ನ ಕಪಾಟಿನ ಮೇಲೆ ಬೇರೆಯವನ ಹೆಸರು ಇತ್ತು. ಬೇರೆ ಕಡೆ ಸಣ್ಣ ಕೆಲಸ ಹಿಡಿದೆ. ಆಮೇಲೆ ಹೆದರಿ ಆರು ವರ್ಷ ರಜೆ ಕೇಳಲಿಲ್ಲ. ತಾಯಿ ಅಷ್ಟು ಕಾಯಲಿಲ್ಲ."

ಯಜಮಾನರು ಚೀಟಿ ತೆಗೆದುಕೊಂಡು ಮಗಳ ಹೆಸರು ಬರೆದರು. ನಾವೂ ಆಮೇಲೆ ನಗಲಿಲ್ಲ.

ಮೂವತ್ತೊಂದನೆಯ ದಿನ ಮೇ ಒಂದು. ಕಾರ್ಮಿಕರ ದಿನವೆಂದು ಇಡೀ ಸಾಲಿನಲ್ಲಿ ನಮ್ಮ ಅಂಗಡಿಗೆ ಮಾತ್ರ ಬೀಗ. ಪಾಪ, ಶೀನಣ್ಣನಿಗೆ ಅದು ನೆನಪಾಗಲಿಲ್ಲ! ಎಂಟೂವರೆಗೇ ಬಂದು, ಮುಚ್ಚಿದ ಬಾಗಿಲ ಎದುರು ಹನ್ನೊಂದರ ತನಕ ನಿಂತು, ಮನೆಗೆ ಹೋಗಿ ಹೆಂಡತಿಗೆ ಎಲ್ಲ ಮುಗಿಯಿತು ಎಂದರಂತೆ.

ಮೇ ಎರಡು, ಶುಕ್ರವಾರ. ಹೆಂಡತಿಯ ಒತ್ತಾಯಕ್ಕೆ ಅವರು ಮತ್ತೆ ಬಂದರು. ಮೇಜಿನ ಮೇಲೆ, ಕೆಳಗೆ, ಸುತ್ತ ಗೋಡೆಯ ತನಕ ಪಾತ್ರೆಗಳು: ಕೊಡಪಾನ, ಹರಿವಾಣ, ಚೆಂಬು, ಒಂದು ಪುಟ್ಟ ಬೆಳ್ಳಿಯ ಬಟ್ಟಲು. ಒಂದೊಂದರೊಳಗೂ ಒಂದು ಚೀಟಿ. ಶೀನಣ್ಣ ಒಂದನ್ನೆತ್ತಿ ತಿರುಗಿಸಿ ನೋಡಿದರು. ಇನ್ನೊಂದನ್ನು ನೋಡಿದರು. ಎಲ್ಲವೂ ಖಾಲಿ ಮೈ.

"ಯಾರೂ ಮುಟ್ಟಲೇ ಇಲ್ವಾ?" ಎಂದು ನನ್ನನ್ನು ಕೇಳಿದರು.

ಧಣಿಗಳು ಜೇಬಿನಿಂದ ವಯರು ತೆಗೆದು ಮೇಜಿನ ಮೇಲಿಟ್ಟರು. "ಮಗು ಹೇಗೆ ಉಂಟು?"

"ಹೆಣ್ಣು," ಎಂದರು ಶೀನಣ್ಣ. ಹೆಗಲ ಬೈರಾಸಿನಲ್ಲಿ ಮುಖ ಒರೆಸಿಕೊಂಡು, ಅದರಲ್ಲೇ ಸ್ಟೂಲನ್ನೂ ಒರೆಸಿ ಕುಳಿತರು.

ಈಗ ನಾನು ಮೂಡಬಿದ್ರೆಯ ಒಂದು ಕಚೇರಿಯಲ್ಲಿದ್ದೇನೆ. ಸಂದರ್ಶನಕ್ಕೆ ಬರುವ ಹುಡುಗ ಹುಡುಗಿಯರು ಕುರ್ಚಿಯಲ್ಲಿ ಕೂರುವ ಮೊದಲೇ ರಜೆ ಎಷ್ಟೆಂದು ಕೇಳುತ್ತಾರೆ. ಹಿರಿಯರು ಮುಖ ಕಿವುಚುತ್ತಾರೆ. ನಾನು ಮಾತ್ರ ಆ ಮಕ್ಕಳ ಪರ.

ಆ ಏಪ್ರಿಲ್ ತಿಂಗಳ ಪುಟದಲ್ಲಿ ಎರಡು ಅಂಕಿಗಳಿವೆ. ಮುನಿದು ಹೋದವರು ಮೂವತ್ತೊಂದು, ಚೀಟಿ ಬರೆದಿಟ್ಟು ಹೋದವರು ಇಪ್ಪತ್ತಾರು. ಹೋದವರು ಯಾಕೆ ಹೋದರೆಂದು ನನಗೆ ಗೊತ್ತು. ಇಪ್ಪತ್ತಾರರಲ್ಲಿ ಆ ಯಜಮಾನರೊಬ್ಬರ ಕಾರಣವೂ ಗೊತ್ತು. ಮಿಕ್ಕ ಇಪ್ಪತ್ತೈದು ಮಂದಿಗೆ ಧಣಿಗಳು ಗಲ್ಫಿನ ಕಥೆ ಹೇಳಿರಲಿಲ್ಲ. ಒಬ್ಬ ಕೆಲಸದವನು ರಜೆಯಲ್ಲಿದ್ದಾನೆ ಎಂದಿದ್ದರು, ಅಷ್ಟೆ. ನೀವು ಅವರಲ್ಲೊಬ್ಬರಾಗಿದ್ದರೆ, ಅಥವಾ ಅವರನ್ನು ಬಲ್ಲವರಾಗಿದ್ದರೆ, ದಯವಿಟ್ಟು ಈ ಪತ್ರಿಕೆಯ ವಿಳಾಸಕ್ಕೆ ಎರಡು ಸಾಲು ಬರೆಯಿರಿ. ನೀವು ಯಾಕೆ ಕಾದಿರಿ?