ನನ್ನ ಹೆಂಡತಿಗೆ ನಾನು ಹುಡುಕಿಕೊಟ್ಟ ಸಂಗೀತದ ಗುರು

ಯೋಗ್ಯತೆ ಅಳೆಯುವುದರಲ್ಲಿ ನನ್ನನ್ನು ಮೀರಿಸುವವರು ಕೊಳ್ಳೇಗಾಲ ತಾಲ್ಲೂಕಿನಲ್ಲೇ ಇಲ್ಲ! ಕಲ್ಲಂಗಡಿಯನ್ನು ಒಮ್ಮೆ ಬೆರಳಲ್ಲಿ ತಟ್ಟಿದರೆ ಸಾಕು, ಒಳಗಿನ ಬಣ್ಣ ಹೇಳುತ್ತೇನೆ. ಆಫೀಸಿಗೆ ಫ್ಯಾನು ಕೊಳ್ಳಬೇಕಾದಾಗಲೂ ಸಾಹೇಬರು, "ಪ್ರಭುಸ್ವಾಮಿ, ನೀವೇ ಹೋಗಿ ನೋಡಿ" ಎಂದರು. ಆ ಫ್ಯಾನು ಗಾಳಿಗಿಂತ ಸದ್ದನ್ನೇ ಹೆಚ್ಚು ಕೊಡುತ್ತದೆ ಎನ್ನುವುದು ಹೊಟ್ಟೆಕಿಚ್ಚಿನವರ ಮಾತು. ಇಂಥ ನನಗೆ ಹೆಂಡತಿಗೊಬ್ಬ ಸಂಗೀತದ ಗುರುವನ್ನು ಹುಡುಕುವುದು ಯಾವ ಮಹಾ ಕೆಲಸ!

ನನ್ನ ಹೆಂಡತಿ ಯಶೋದ ಮಧುವನಹಳ್ಳಿಯ ಶಾಲೆಯಲ್ಲಿ ಟೀಚರು. ಅಲ್ಲಿ ಮಕ್ಕಳಿಗೆ ಹಾಡು ಹೇಳಿಕೊಡುತ್ತಿದ್ದವರಿಗೆ ವರ್ಗವಾಗಿ ಆ ಕೆಲಸ ಇವಳ ಕೊರಳಿಗೆ ಬಿತ್ತು. ಹಾಡಿನ ಕೆಲಸ ಕೊರಳಿಗಲ್ಲದೆ ಇನ್ನೆಲ್ಲಿಗೆ ಬೀಳಬೇಕು! ಆ ಸಂಜೆ ಬಸ್ಸಿಳಿದು ಬಂದವಳು ಚೀಲವನ್ನೂ ಕೆಳಗಿಡದೆ ಹೇಳಿದಳು:

"ರೀ, ನಾನು ಸಂಗೀತ ಕಲೀತೀನಿ. ಚಿಕ್ಕವಳಾಗಿದ್ದಾಗಿಂದ ಆಸೆ ಕಣ್ರೀ. ಆಗ ಓದು ಅಂದ್ರು, ಆಮೇಲೆ ಮದುವೆ ಅಂದ್ರು. ಈಗ ಮಕ್ಕಳೂ ಹಾಸ್ಟೆಲ್ ಸೇರಿದ್ರು. ಯಳಂದೂರಲ್ಲಿ ಶಂಕರಮ್ಮ ಅಂತ ಒಬ್ರು ಟೀಚರ್ ಇದ್ದಾರಂತೆ, ಅವರನ್ನೇ ಕೇಳೋಣ."

"ಕಂಡವರನ್ನೆಲ್ಲ ಒಪ್ಪೋಕೆ ಇದೇನು ಬಸ್ಸಾ, ಬಂದದ್ದಕ್ಕೆ ಹತ್ತೋಕೆ? ಸುತ್ತಮುತ್ತ ಇರೋರನ್ನೆಲ್ಲ ಕರೆಸ್ತೀನಿ. ಸಂದರ್ಶನ ಮಾಡ್ತೀನಿ!"

"ನಿಮಗೆ ಸಂಗೀತ ಏನು ಗೊತ್ತು?"

"ಯಾಕೆ, ನನಗೆ ಕಿವಿ ಇಲ್ವಾ?"

"ಇದ್ದಿದ್ರೆ ಬರ್ತಾ ತೆಂಗಿನಕಾಯಿ ತನ್ನಿ ಅಂದದ್ದು ಕೇಳಿಸ್ತಿತ್ತು."

ಇಂಥ ಮಾತಿಗೆಲ್ಲ ಕುಗ್ಗುವ ಗಂಡಸು ನಾನಲ್ಲ. ವಿಚಾರಿಸಿದೆ. ಯಳಂದೂರಿನ ಶಂಕರಮ್ಮ, ರಾಮಾಪುರದ ಹಾರ್ಮೋನಿಯಂ ಮೇಷ್ಟ್ರು ಚಿಕ್ಕಮಾದಪ್ಪ, ನಮ್ಮೂರಲ್ಲೇ ಆರ್ಕೆಸ್ಟ್ರಾ ನಡೆಸುವ ಮಾದಸ್ವಾಮಿ. ಇಷ್ಟೇ ಜನ ಸಿಕ್ಕಿದ್ದು. ಎಲ್ಲರಿಗೂ ಫೋನು ಮಾಡಿ "ಭಾನುವಾರ ಬೆಳಿಗ್ಗೆ ಬನ್ನಿ" ಎಂದೆ. ಹಾಲಿನ ನಡುವೆ ಮೇಜು ಹಾಕಿ, ಹಿಂದೆ ಕುರ್ಚಿ ಇಟ್ಟು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ನ್ಯಾಯಾಧೀಶನಂತೆ ಕುಳಿತೆ. ನಮ್ಮವ್ವ ಪುಟ್ಟಮಾದಮ್ಮ ಒಮ್ಮೆ ನನ್ನನ್ನೂ ಒಮ್ಮೆ ಮೇಜನ್ನೂ ನೋಡಿ, ಎಲೆಅಡಿಕೆ ಚೀಲ ತೆಗೆದುಕೊಂಡು ಜಗಲಿಗೆ ಹೊರಟುಹೋದಳು.

ಬೇರೆ ಬೇರೆ ಹೊತ್ತಿಗೆ ಬನ್ನಿ ಎನ್ನಬೇಕಿತ್ತೆಂದು ಹೊಳೆದದ್ದು, ಮೂವರೂ ಒಟ್ಟಿಗೇ ಬಾಗಿಲಲ್ಲಿ ನಿಂತಾಗ!

ಚಿಕ್ಕಮಾದಪ್ಪ ಹಾರ್ಮೋನಿಯಂ ಇಳಿಸಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಹಳ್ಳಿಹಳ್ಳಿಯಲ್ಲಿ ನಾಟಕ ಕಲಿಸುವ ಮೇಷ್ಟ್ರು ಅವರು.

"ಕಲಿಯೋರು ನೀವಾ ಸಾ?"

"ಅಲ್ಲ, ನಮ್ಮ ಮನೆಯವರು."

"ಓಗ್ಲಿ ಬುಡಿ. ಆದ್ರೂ ನಿಮ್ಮೊಟ್ಟೆಗೆ ರಾಜಾಪಾರ್ಟು ಏಳಿ ಮಾಡಿಸ್ದಂಗದೆ!"

ನನ್ನೆದೆ ಉಬ್ಬಿತು. ಅವರು ಮೂಲೆಯಲ್ಲಿದ್ದ ಜೇಡರಬಲೆ ಹೊಡೆಯುವ ಕೋಲನ್ನು ಗದೆಯಂತೆ ನನ್ನ ಹೆಗಲಿಗೇರಿಸಿ, "ಉಸ್ರು ತಕಂಡು ಒಂದ್ಸಲ ಘರ್ಜಿಸಿ ಸಾ!" ಎಂದು ಹಾರ್ಮೋನಿಯಂ ನುಡಿಸತೊಡಗಿದರು. ಘರ್ಜಿಸಿದೆ. ಎದುರುಮನೆಯ ನಾಯಿ ಉತ್ತರ ಕೊಟ್ಟಿತು.

ಶಂಕರಮ್ಮ ಕೊಡೆಯನ್ನು ಕುರ್ಚಿಗೆ ಒರಗಿಸಿ, ಶ್ರುತಿ ಪೆಟ್ಟಿಗೆಯ ಗುಂಡಿ ಒತ್ತಿದರು. ನಾನು ಗಂಭೀರವಾಗಿ, "ಸಂಗತಿ ಏನಪ್ಪಾ ಅಂದ್ರೆ..." ಎಂದು ಶುರು ಮಾಡಿದೆ.

"ಸಂಗತಿಯೆಲ್ಲ ಆಮೇಲೆ, ಮೊದಲು ಸ್ವರ. ಸಂದರ್ಶನ ಮಾಡೋರಿಗೂ ಅಷ್ಟು ಗೊತ್ತಿರಬೇಕಲ್ಲ. ಎಲ್ಲಿ, ಷಡ್ಜ ಹಿಡೀರಿ ನೋಡೋಣ."

ಕಣ್ಣು ಮುಚ್ಚಿ "ಸಾ..." ಎಂದು ಎಳೆದೆ. ಕಣ್ಣು ಬಿಟ್ಟಾಗ ಶ್ರುತಿ ಪೆಟ್ಟಿಗೆ ಆಫ್ ಆಗಿತ್ತು.

"ನೀವು ಹಿಡಿದದ್ದು ಷಡ್ಜ ಅಲ್ಲ, ಹಟ!" ಎಂದರು ಶಂಕರಮ್ಮ.

ಮಾದಸ್ವಾಮಿ ಇವೆರಡನ್ನೂ ನೋಡಿ ನಗುತ್ತಿದ್ದ. ಅವನ ಬಳಿ ಕೀಬೋರ್ಡು, ಆಳೆತ್ತರದ ಸ್ಪೀಕರು, ವೈರಿಲ್ಲದ ಮೈಕು ಎಲ್ಲ ಇದ್ದವು. ಪ್ಲಗ್ಗು ಇದ್ದದ್ದು ಬಾಗಿಲ ಬಳಿ. ಸ್ಪೀಕರನ್ನು ಅಲ್ಲೇ ಬೀದಿಗೆ ಮುಖ ಮಾಡಿ ನಿಲ್ಲಿಸಿದ.

"ಸಾ, ನನ್ತವು ಕಷ್ಟವೇ ಇಲ್ಲ. ಅಪಸ್ವರ ಬಂದ್ರೆ ಒಂಚೂರು ಎಕೋ ಕೊಟ್ಬುಡ್ತೀನಿ, ಯಾರ್ಗೂ ಗೊತ್ತಾಗಲ್ಲ. ಈ ಮೈಕ್ ಇಡ್ಕಂಡಿರಿ, ಸೌಂಡು ಸರಿ ಮಾಡ್ತೀನಿ."

ಮೂವರನ್ನೂ ಅಳೆದಾಗಿತ್ತು. ಇನ್ನು ತೀರ್ಪು! ಮೈಕನ್ನು ಅಂಗಿಯ ಜೇಬಿಗೆ ಸಿಕ್ಕಿಸಿಕೊಂಡು ಅಡುಗೆಮನೆಗೆ ನಡೆದೆ. ಬಂದವರಿಗೆ ಇಡ್ಲಿ ಮಾಡುತ್ತಿದ್ದ ಯಶೋದ ನನಗೆ ಬೆನ್ನು ಹಾಕಿ ಚಟ್ನಿ ರುಬ್ಬುತ್ತಿದ್ದಳು. ಮಿಕ್ಸಿಯ ಆರ್ಭಟಕ್ಕೆ ಹೊರಗಿನದೇನೂ ಕೇಳಿಸುತ್ತಿರಲಿಲ್ಲ. ನಾನೂ ಗಂಟಲೆತ್ತಿಯೇ ವರದಿ ಒಪ್ಪಿಸಿದೆ.

"ಒಬ್ಬರೂ ಆಗಲ್ಲ ಕಣೇ! ಆ ರಾಮಾಪುರದವರು ಹಾರ್ಮೋನಿಯಂ ನುಡಿಸ್ತಾರೋ, ಚಪಾತಿ ಹಿಟ್ಟು ನಾದ್ತಾರೋ! ಯಳಂದೂರಿನಮ್ಮ ಪಾಠಕ್ಕೆ ಬಂದಂಗಿಲ್ಲ, ಕಳ್ಳನ ವಿಚಾರಣೆಗೆ ಬಂದಂಗಿದ್ದಾರೆ. ಆ ಕೀಬೋರ್ಡಿನವನಿಗೋ ಗುಂಡಿ ಒತ್ತೋದು ಬಿಟ್ಟು ಬೇರೇನೂ ಬರಲ್ಲ!"

"ಮೆತ್ತಗೆ ಮಾತಾಡ್ರೀ, ಅವರಿಗೆ ಕೇಳಿಸುತ್ತೆ."

"ಯಾರಿಗೂ ಕೇಳಿಸಲ್ಲ ಬಿಡು! ನಮ್ಮವ್ವನ ಭಜನೆ ಕೇಳಿ ಕೇಳಿ ಈ ಬೀದಿಯವರ ಕಿವಿ ಯಾವತ್ತೋ ಹೋಗಿದೆ!"

ಅದೇ ಕ್ಷಣಕ್ಕೆ ಅವಳು ಮಿಕ್ಸಿ ನಿಲ್ಲಿಸಿದಳು. ಬೀದಿಯ ಕಡೆಯಿಂದ ಆಕಾಶವಾಣಿಯಂತೆ ನನ್ನದೇ ಧ್ವನಿ ತೇಲಿ ಬಂತು: "...ಹೋಗಿದೆ... ಹೋಗಿದೆ... ಹೋಗಿದೆ..."

ಎಕೋ ಬಹಳ ಚೆನ್ನಾಗಿ ಕೆಲಸ ಮಾಡುತ್ತಿತ್ತು!

ಅವ್ವ ಬಿರುಗಾಳಿಯಂತೆ ಒಳಗೆ ಬಂದಳು. "ಲೇ ಪ್ರಭು, ಯಾರ ಕಿವಿ ಓಗಿರದ್ಲಾ? ಬಾ, ಅದನ್ನೇ ಬೀದಿಲಿ ನಿಂತ್ಕಂಡು ಏಳು ಬಾ!" ಅವಳ ಹಿಂದೆ ಬಾಗಿಲ ತುಂಬ ಭಜನೆ ಸಂಘದ ಹೆಂಗಸರು. ಹಾಲಿಗೆ ಓಡಿದೆ. ಚಿಕ್ಕಮಾದಪ್ಪ ಹಾರ್ಮೋನಿಯಂಗೆ ಬಟ್ಟೆ ಕಟ್ಟುತ್ತಿದ್ದರು. ಮಾದಸ್ವಾಮಿ ಕೀಬೋರ್ಡನ್ನು ಚೀಲಕ್ಕೆ ತುಂಬುತ್ತಿದ್ದ. ಶಂಕರಮ್ಮನವರ ಕೈಯಲ್ಲಿ ಕೊಡೆ ಇತ್ತು, ತುದಿ ನನ್ನ ಕಡೆಗಿತ್ತು.

"ಅಯ್ಯೋ, ನಾನು ಅಂದದ್ದು ನಿಮ್ಮನ್ನಲ್ಲ!" ಎಂದೆ.

"ಇಲ್ಲಿ ಯಳಂದೂರಿನಮ್ಮ ಇನ್ಯಾರಿದ್ದಾರೆ?" ಎಂದರು ಶಂಕರಮ್ಮ. ಇಬ್ಬರ ಮಾತೂ ಸ್ಪೀಕರಿನಲ್ಲಿ ಮೊಳಗಿ ಬೀದಿ ಗೊಳ್ಳೆಂದಿತು.

ಯಶೋದ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವಳಿಗೆ ನಗು ಬಂದಿರಲಿಲ್ಲ.

"ಇದ್ದವರೇ ಇಷ್ಟು ಜನ. ಎಲ್ಲರನ್ನೂ ಒಂದೇ ಉಸಿರಲ್ಲಿ ಓಡಿಸಿಬಿಟ್ರಲ್ಲ," ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಇಷ್ಟು ಮೆಲ್ಲಗೆ ಹೇಳಿದ್ದನ್ನು ಹೇಗೆ ತಡೆದುಕೊಳ್ಳಲಿ!

ಅವಳು ಸೆರಗಿಗೆ ಕೈ ಒರೆಸಿಕೊಂಡು ಬಂದು ನನ್ನ ಜೇಬಿನಿಂದ ಮೈಕು ಎಳೆದುಕೊಂಡಳು.

"ನಮ್ಮ ಯಜಮಾನರ ಮಾತಿಗೆ ಎಲ್ಲರ ಹತ್ರಾನೂ ಕ್ಷಮೆ ಕೇಳ್ತೀನಿ. ಅತ್ತೆ, ನಿಮ್ಮ ಹತ್ರಾನೂ. ಕಲಿಯೋಳು ನಾನು. ಬೆಳಿಗ್ಗೆಯಿಂದ ನನ್ನನ್ನ ಯಾರೂ ಒಂದು ಮಾತು ಕೇಳ್ಲಿಲ್ಲ. ಒಂದು ಪದ ಹೇಳ್ತೀನಿ, ಕೇಳ್ಬಿಟ್ಟು ಹೋಗಿ."

ಅವಳ ತಾಯಿ ಗದ್ದೆಯಲ್ಲಿ ನಾಟಿ ಹಾಕುವಾಗ ಹೇಳುತ್ತಿದ್ದ ಪದವಂತೆ ಅದು. ಮೊದಲ ಸಾಲನ್ನು ಒಬ್ಬಳೇ ಹೇಳಿದಳು. ಎರಡನೆಯದಕ್ಕೆ ಚಿಕ್ಕಮಾದಪ್ಪ ಕಟ್ಟಿದ ಬಟ್ಟೆ ಬಿಚ್ಚಿ, ಅವಳ ಶ್ರುತಿ ಹುಡುಕಿ ಹಾರ್ಮೋನಿಯಂ ಹಿಡಿದರು. ಮಾದಸ್ವಾಮಿ ತಾನಾಗಿಯೇ ಎಕೋ ತೆಗೆದ. ಶಂಕರಮ್ಮ ಕೊಡೆ ಕೆಳಗಿಟ್ಟು ತೊಡೆಯ ಮೇಲೆ ತಾಳ ಹಾಕತೊಡಗಿದರು. ಬೀದಿಯ ನಗು ಯಾವಾಗ ನಿಂತಿತೋ ತಿಳಿಯಲಿಲ್ಲ. ಇಷ್ಟು ವರ್ಷ ಇವಳ ಜೊತೆ ಬಾಳಿದ ನಾನು ಒಂದು ಪೂರ್ತಿ ಹಾಡು ಹೇಳಿಸಿ ಕೇಳಿರಲಿಲ್ಲ. ಗದೆಯಾಗಿದ್ದ ಕೋಲು ಹಿಡಿದು ಗೋಡೆಗೆ ಒರಗಿ ನಿಂತೆ.

ಹಾಡು ಮುಗಿದದ್ದೇ ತಡ, ಗುರುಗಳ ನಡುವೆ ಜಗಳ!

"ಈ ಅವ್ವನ್ಗೆ ನಾನೇ ಏಳ್ಕೊಡ್ತೀನಿ," ಎಂದರು ಚಿಕ್ಕಮಾದಪ್ಪ.

"ನಾನು ಬಿಟ್ಟುಕೊಡಲ್ಲ," ಎಂದರು ಶಂಕರಮ್ಮ.

ನಾನು ತೀರ್ಪು ಕೊಡಲು ಗಂಟಲು ಸರಿಮಾಡಿಕೊಂಡೆ. ಅವ್ವ, "ನೀನು ಬಾಯ್ ಮುಚ್ಕಂಡಿರ್ಲಾ" ಎಂದಳು. ಯಶೋದಳೇ ಇತ್ಯರ್ಥ ಮಾಡಿದಳು: ತನಗೆ ಪಾಠಕ್ಕೆ ಶಂಕರಮ್ಮ, ಶಾಲೆ ಮಕ್ಕಳ ಹಾಡಿಗೆ ಹಾರ್ಮೋನಿಯಂ ಚಿಕ್ಕಮಾದಪ್ಪನವರದು, ವಾರ್ಷಿಕೋತ್ಸವದ ಸೌಂಡು ಮಾದಸ್ವಾಮಿಯದು. ಎಲ್ಲರೂ ಒಪ್ಪಿ ಇಡ್ಲಿಗೆ ಕುಳಿತರು. ಭಜನೆ ಸಂಘವೂ ಕುಳಿತಿತು. ನನ್ನ ಪಾಲಿಗೆ ಉಳಿದದ್ದು ಚಟ್ನಿ ಮಾತ್ರ!

ಕೈತೊಳೆದು ಬಂದ ಶಂಕರಮ್ಮ ನನ್ನ ಕುರ್ಚಿಯಲ್ಲೇ ಕುಳಿತು ಷರತ್ತು ಹೇಳಿದರು.

"ಪಾಠದ ಹೊತ್ತಲ್ಲಿ ಮನೇಲಿ ಬೇರೆ ಸದ್ದು ಇರಬಾರದು. ಟಿವಿ?"

"ಆರಿಸ್ತೀನಿ ಟೀಚರ್."

"ಮಿಕ್ಸಿ?"

"ಅದನ್ನೂ ಆರಿಸ್ತೀನಿ."

ಶಂಕರಮ್ಮನವರ ಕಣ್ಣು ನಿಧಾನವಾಗಿ ನನ್ನ ಮೇಲೆ ಬಂದು ನಿಂತಿತು. "ಇವರು?"

"ಇವರನ್ನ ಆರಿಸಿದ್ದು ನಮ್ಮಪ್ಪ," ಎಂದಳು ಯಶೋದ. "ಆರಿಸೋ ಸ್ವಿಚ್ಚು ಎಲ್ಲಿದೆ ಅಂತ ಮಾತ್ರ ಹೇಳಿಕೊಡ್ಲಿಲ್ಲ ಟೀಚರ್!"

ಅಂದಿನಿಂದ ಪಾಠದ ದಿನ ಸಂಜೆ ನನ್ನ ಜಾಗ ಹೊರಗಿನ ಜಗಲಿ. ಒಳಗೆ ಯಶೋದಳ ಸರಳೆ ವರಸೆ ದಿನದಿನಕ್ಕೆ ಹದವಾಗುತ್ತಿದೆ. ಮೊನ್ನೆ ಅವಳು ಎಷ್ಟು ಚೆನ್ನಾಗಿ ಹಾಡಿದಳೆಂದರೆ, ತಡೆಯಲಾರದೆ ಒಂದೇ ಒಂದು ಬಾರಿ "ಭೇಷ್!" ಎಂದುಬಿಟ್ಟೆ.

ಒಳಗೆ ಹಾಡು ನಿಂತಿತು. ಶಂಕರಮ್ಮನವರ ದನಿ ಕೇಳಿಸಿತು:

"ಯಶೋದಾ, ಎದ್ದು ಬಾಗಿಲು ಹಾಕಮ್ಮ. ಆ ಭೇಷ್ ಕೂಡ ಶ್ರುತಿ ತಪ್ಪಿದೆ!"