ಅರ್ಥಪೂರ್ಣ ಉಡುಗೊರೆಯ ರುಚಿ

ಮೊದಲು ಮಣ್ಣು ನೆಕ್ಕಿದವರು ಯಾರು ಎಂಬುದು ನನಗೆ ಸರಿಯಾಗಿ ನೆನಪಿಲ್ಲ. ಮಗಳು ಎಂದು ನಾನು ಹೆಂಡತಿಗೆ ಹೇಳಿದ್ದೇನೆ. ಅಪ್ಪನೇ ಎಂದು ಮಗಳು ಹೇಳಿದ್ದಾಳೆ. ಬಿದರಿ ಕೆಲಸದ ಮುದುಕರನ್ನು ಕೇಳಿದರೆ ಇತ್ಯರ್ಥವಾದೀತು, ಆದರೆ ಇತ್ಯರ್ಥವಾಗುವುದು ನನಗೇ ಬೇಕಾಗಿಲ್ಲ. ವಿಶ್ವವಿದ್ಯಾಲಯದಲ್ಲಿ ಏಳು ವರ್ಷ ಕೂತು ನಾನು ಕಲಿತದ್ದು ಅನುಮಾನಿಸುವುದೊಂದನ್ನೇ. ಊರವರ ಹರಕೆ, ಪತ್ರಿಕೆಯ ಸುದ್ದಿ, ವೈದ್ಯರ ಟಾನಿಕ್ಕು, ಎಲ್ಲವನ್ನೂ ಅನುಮಾನಿಸಿ ಮುಗಿಸಿದ ಮೇಲೆ ಈಗ ಉಳಿದಿರುವುದು ನನ್ನ ಸ್ವಂತ ನೆನಪು.

ಮಗಳು ಪ್ರಜ್ಞಾಳಿಗೆ ಐದು ತುಂಬುವುದಿತ್ತು. ಅದಕ್ಕೆ ಹಿಂದಿನ ತಿಂಗಳು ನೆರೆಮನೆಯ ಮಗುವಿನ ಹುಟ್ಟುಹಬ್ಬದಲ್ಲಿ ಬ್ಯಾಟರಿ ಕಾರು, ಹಾಡುವ ಗೊಂಬೆಗಳ ರಾಶಿ ಕಂಡು, "ಇದೆಲ್ಲ ಪ್ಲಾಸ್ಟಿಕ್ ಕಸ, ಮಗುವಿಗೆ ಅರ್ಥಪೂರ್ಣವಾದದ್ದನ್ನು ಕೊಡಬೇಕು" ಎಂದು ನಾನು ಸಣ್ಣದೊಂದು ಉಪನ್ಯಾಸವನ್ನೇ ಕೊಟ್ಟಿದ್ದೆ. ಉಪನ್ಯಾಸದ ನಡುವೆ ಮೂರು ಸಲ ಕೇಕ್ ತಿಂದಿದ್ದೆ. ಹಾಗಾಗಿ ನಾನೇನು ಕೊಡುತ್ತೇನೆಂದು ನೋಡಲು ಇಡೀ ಗಲ್ಲಿ ಕಾಯುತ್ತಿತ್ತು.

ಭಾಲ್ಕಿಯ ಅಕ್ಕ ಫೋನಿನಲ್ಲೇ ತೀರ್ಪು ಕೊಟ್ಟಳು: "ಏ ತಮ್ಮಾ, ಹೆಣ್ಣ ಕೂಸದ, ಬೆಳ್ಳಿ ಗೆಜ್ಜಿ ಮಾಡ್ಸು. ಅರ್ಥ ಗಿರ್ಥ ದೊಡ್ಡಾಕಿ ಆದ ಮ್ಯಾಲ ಆಕಿನೇ ಹುಡುಕ್ಕೋತಾಳ." ಔರಾದಿನಲ್ಲಿ ಕುರಿ ಸಾಕಿರುವ ನನ್ನ ಮಾವನವರದು ಇನ್ನೂ ಸರಳ. "ಒಂದು ಕುರಿಮರಿ ಕೊಡ್ತೇನಿ ಅಳಿಯಂದ್ರ. ಆಕಿ ಹಿಂದ ಅದು ಓಡ್ತದ, ಅದರ ಹಿಂದ ಆಕಿ ಓಡ್ತಾಳ. ಕೂಸಿಗಿ ಮತ್ತೇನ್ ಬೇಕ್ರಿ?" ಇಷ್ಟು ಸ್ಪಷ್ಟವಾದ ಮಾತು ಕೇಳಿದಾಗ ಓದಿದವರು ಏನು ಮಾಡುತ್ತಾರೋ ನಾನೂ ಅದನ್ನೇ ಮಾಡಿದೆ. ಮುಗುಳ್ನಕ್ಕೆ.

ನಮ್ಮ ಬೀದರಿನಲ್ಲಿ ಅತಿಥಿ ಭಾಷಣಕಾರರಿಗೆ, ವರ್ಗವಾದ ಅಧಿಕಾರಿಗೆ, ನಿವೃತ್ತ ಪ್ರಾಂಶುಪಾಲರಿಗೆ ಕೊಡುವುದು ಒಂದೇ, ಕಪ್ಪು ಲೋಹದ ಮೇಲೆ ಬೆಳ್ಳಿ ಎಳೆ ಕೂರಿಸಿದ ಬಿದರಿ ಹೂದಾನಿ. ಅವರಲ್ಲಿ ಯಾರೂ ಅದರಲ್ಲಿ ಹೂ ಇಟ್ಟದ್ದನ್ನು ನಾನು ಕಂಡಿಲ್ಲ. ಅಂಥ ವಸ್ತುವನ್ನೇ ಐದು ವರ್ಷದ ಹುಡುಗಿಗೆ ಕೊಟ್ಟರೆ ಪರಂಪರೆ, ಕಲೆ, ಇತಿಹಾಸ ಎಲ್ಲ ಒಟ್ಟಿಗೆ ಕೊಟ್ಟಂತೆ ಎಂದು ನನಗೆ ಹೊಳೆಯಿತು. ಹೆಸರು ಕೆತ್ತಿದ ಒಂದು ಪುಟ್ಟ ನವಿಲು ಮಾಡಿಸಲು ಮಗಳನ್ನೂ ಕರೆದುಕೊಂಡು ಹೋದೆ.

ಬಿದರಿ ಕಾರ್ಖಾನೆಯಲ್ಲಿ ಮುದುಕರೊಬ್ಬರು ಬೂದು ಬಣ್ಣದ ನವಿಲುಗಳನ್ನು ಸಾಲಾಗಿ ಇಟ್ಟುಕೊಂಡು ಕೂತಿದ್ದರು. ಕೋಟೆಯ ಮಣ್ಣು ಕಲಸಿದ ನೀರಿನಲ್ಲಿ ಕುದಿಸಿದರೆ ಅವು ಕಪ್ಪಾಗುತ್ತವೆ. ಅವರು ಡಬ್ಬಿಯಿಂದ ಒಂದು ಚಿಟಿಕೆ ಮಣ್ಣು ತೆಗೆದು ನಾಲಿಗೆಗೆ ಹಚ್ಚಿಕೊಂಡರು. "ಕಿಲ್ಲೆದ ಮಣ್ಣರಿ ಸರ್. ಬಿಸಲು ಮಳಿ ಕಾಣದ ಜಾಗದ್ದು. ರುಚಿ ನೋಡ್ಲಾರದೆ ಹಾಕಿದ್ರ ಮಾಲು ಕಪ್ಪ ಆಗಲ್ಲ." ಇದಕ್ಕೆ ರಸಾಯನಶಾಸ್ತ್ರದಲ್ಲಿ ಬೇರೆ ಪರೀಕ್ಷೆಗಳಿವೆ ಎಂದು ನಾನು ತಿಳಿಸಿಕೊಟ್ಟೆ. "ಇರ್ತಾವ್ರಿ," ಎಂದರು ಮುದುಕರು, "ಆ ಪರೀಕ್ಷಿ ಮಾಡೋ ಸಾಹೇಬ್ರೂ ನವಿಲು ಬೇಕಾದ್ರ ಇಲ್ಲಿಗೇ ಬರ್ತಾರ." ಪ್ರಜ್ಞಾ ನಾಲಿಗೆ ಚಾಚಿದ್ದು ಆಗಲೇ. ಮುದುಕರು ಅವಳಿಗೇನೋ ಹೇಳಿದರು, ಏನೆಂದು ನಾನು ಕೇಳಿಸಿಕೊಳ್ಳಲಿಲ್ಲ. ಹೊರಡುವಾಗ ಒಂದು ಪೊಟ್ಟಣ ಮಣ್ಣು ಕಟ್ಟಿಕೊಟ್ಟರು.

ಹುಟ್ಟುಹಬ್ಬದ ದಿನ ನವಿಲನ್ನು ನೋಡಿ ಅವಳು "ಚಲೋ ಅದ" ಎಂದಳು. ನೆಂಟರಿಗೆ ಹೇಳುವ ದನಿಯಲ್ಲಿ. ಬೆಳ್ಳಿ ಸವೆದೀತೆಂದು ನಾನೇ ಅದನ್ನು ಶೋಕೇಸಿನಲ್ಲಿಟ್ಟು ಬೀಗ ಹಾಕಿದೆ. ಅವಳ ಕೈಯಲ್ಲಿ ಉಳಿದದ್ದು ಮಣ್ಣಿನ ಪೊಟ್ಟಣ. ಅಲ್ಲಿಂದ ಶುರುವಾಯಿತು. ಶಾಲೆಯ ಅಂಗಳ, ಭಾಲ್ಕಿ ಅತ್ತೆಯ ಕರಿಬೇವಿನ ಕುಂಡ, ಕೊನೆಗೆ ಔರಾದಿನ ಅಜ್ಜನ ಕುರಿಹಟ್ಟಿ, ಹೋದಲ್ಲೆಲ್ಲ ಒಂದು ಚಿಟಿಕೆ ನಾಲಿಗೆಗೆ, ಒಂದು ಹಿಡಿ ಬೇರೆ ಪೊಟ್ಟಣಕ್ಕೆ. ನನ್ನ ಹೆಂಡತಿ ಸುಜಾತಾ ಊಟ ಬಡಿಸುತ್ತಲೇ ಕೇಳಿದಳು: "ಕೂಸು ಬ್ಯಾನಿ ಬಿದ್ರ ದವಾಖಾನಿಗಿ ನಿಮ್ಮ ನವಿಲು ಒಯ್ತದೇನ್ರಿ?" ಮಗುವಿಗೆ ಏನಾದರೂ ಆದರೆ ಎಂಬ ಹೆದರಿಕೆ ನನಗೂ ಇತ್ತು. ಆದರೆ ಗದರಿಸುವುದು ವೈಜ್ಞಾನಿಕವಲ್ಲ. ನಾಲಿಗೆಗೆ ಮಣ್ಣಿನ ಭೇದ ತಿಳಿಯುವುದಿಲ್ಲ ಎಂದು ಸಾಬೀತುಪಡಿಸಿದರೆ ಚಟ ತಾನಾಗಿ ಬಿಡುತ್ತದೆ ಎಂದುಕೊಂಡೆ.

ಭಾನುವಾರ ಮಧ್ಯಾಹ್ನ ಟವೆಲಿನಿಂದ ಕಣ್ಣು ಕಟ್ಟಿಕೊಂಡು ಕೂತೆ. ಬೀದರ್ ಕೋಟೆ, ಭಾಲ್ಕಿ, ಔರಾದ್, ಮೂರು ಮಣ್ಣು. ಮಗಳೇ ಪರೀಕ್ಷಕಿ. ಒಂದೊಂದನ್ನೇ ನಾಲಿಗೆಗಿಟ್ಟುಕೊಂಡು ಮೂರನ್ನೂ ತಪ್ಪು ಹೇಳಿದೆ. ಕುರಿಹಟ್ಟಿಯ ಮಣ್ಣಿಗೆ "ಇದು ಕೋಟೆಯದು, ಇದರಲ್ಲಿ ಇತಿಹಾಸದ ರುಚಿ ಇದೆ" ಎಂದೂ ಸೇರಿಸಿದ್ದೆ. "ನಾಪಾಸು," ಎಂದಳು ಪ್ರಜ್ಞಾ. ನನ್ನ ವಾದ ಸಾಬೀತಾಯಿತೆಂದು ನಾನು ಹಿಗ್ಗುವಷ್ಟರಲ್ಲಿ ಅವಳು ಕಣ್ಣು ಕಟ್ಟಿಕೊಂಡು ಮೂರನ್ನೂ ಸರಿ ಹೇಳಿದಳು. ಇದು ಆಕಸ್ಮಿಕ, ಇನ್ನೊಮ್ಮೆ ಮಾಡಿದರೆ ಬಯಲಾಗುತ್ತದೆ ಎಂದು ಹೆಂಡತಿಗೆ ವಿವರಿಸಿದೆ. ಇನ್ನೊಮ್ಮೆ ಮಾಡಲಿಲ್ಲ. ಆಗಲೂ ಅವಳು ಸರಿ ಹೇಳಿದರೆ ಏನು ಗತಿ?

ಎರಡು ತಿಂಗಳ ಮೇಲೆ ಸುಜಾತಾ ನಮ್ಮಿಬ್ಬರನ್ನೂ ಡಾಕ್ಟರ ಮುಂದೆ ಕೂರಿಸಿದಳು. "ಮಣ್ಣು ತಿಂತಿಯಂತಲ್ಲವ್ವಾ?" ಎಂದು ಡಾಕ್ಟರು ಕೇಳಿದಾಗ ಮಗಳಿಗೆ ಅವಮಾನವಾಯಿತು. "ನಾ ತಿನ್ನಲ್ಲರಿ. ತುದಿ ನಾಲ್ಗಿಗಿ ಹಚ್ಚಿ, ಉಗುಳಿ, ಬಾಯಿ ತೊಳ್ಕೋತೇನಿ. ನವಿಲಿನ ಅಜ್ಜ ಹಂಗೇ ಮಾಡು ಅಂದಾರ. ಅಪ್ಪ ನುಂಗ್ತಾನ." ಡಾಕ್ಟರು ನನ್ನ ಕಡೆ ತಿರುಗಿದರು. ನುಂಗಿದೆನೋ ಇಲ್ಲವೋ ಸರಿಯಾಗಿ ನೆನಪಿಲ್ಲ ಎಂದೆ. ಅವರು ಸುಜಾತಾಳನ್ನೂ ಸೇರಿಸಿ ಮನೆಯ ಮೂವರಿಗೂ ಮಲಪರೀಕ್ಷೆ ಬರೆದುಕೊಟ್ಟರು.

ತಾಯಿ ಮಗಳ ವರದಿಯಲ್ಲಿ ಏನೂ ಇರಲಿಲ್ಲ. ಮೂರನೆಯದರಲ್ಲಿ ಜಂತುಹುಳದ ಮೊಟ್ಟೆಗಳಿದ್ದವು. ಅದನ್ನು ನಾನು ಸಹಜವಾಗಿಯೇ ಅನುಮಾನಿಸಿದೆ. ಡಬ್ಬಿ ಅದಲುಬದಲಾಗಿರಬಹುದು, ಲ್ಯಾಬಿನವರ ಕಣ್ಣು ತಪ್ಪಿರಬಹುದು. ಮನೆಯಲ್ಲಿ ಯಾರಿಗೂ ಹೇಳದೆ ಬೇರೊಂದು ಲ್ಯಾಬಿಗೆ ಹೋದೆ. ಈ ಕಥೆಯಲ್ಲಿ ನಾನು ಎರಡೆರಡು ಸಲ ಪರಿಶೀಲಿಸಿ ಖಚಿತಪಡಿಸಿಕೊಂಡ ಸಂಗತಿ ಇದೊಂದೇ: ಹುಳ ಇರುವುದು ನನ್ನ ಹೊಟ್ಟೆಯಲ್ಲಿ.